ಎಲ್ಲವನ್ನೂ ನೀವೊಬ್ಬರೇ ಯಾಕೆ ಓದಬೇಕು?

ಹಾನಗಲ್ಲಿನ ಡಾಕ್ಟರ್ ಸಾಹೇಬರೇ, ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ ಇದೆ, ಪೂರ್ತಿ ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಸಾರ ಹೇಳಿಬಿಡುತ್ತೇನೆ. ದಿನವಿಡೀ ದವಾಖಾನೆ ಮುಂದೆ ಪಾಳಿ, ರಾತ್ರಿ ಓದಲು ಕೂತರೆ ನಿದ್ದೆ, ಹೊಸ ಸಂಶೋಧನೆ ಏನಿದ್ದರೂ ಗೊತ್ತಾಗುವುದು ಔಷಧ ಕಂಪನಿಯ ಎಂಆರ್ (ಮಾರಾಟ ಪ್ರತಿನಿಧಿ) ಬಂದಾಗ ಇಲ್ಲವೇ ವಾಟ್ಸಾಪ್‌ಗೆ ಯಾರೋ ಕಳಿಸಿದಾಗ. ತಾಲೂಕಿನ ಡಾಕ್ಟರು ಹೊಸದನ್ನು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮ ಪತ್ರಿಕೆಯೇ ತಿಂಗಳಿಗೊಂದು ಪುಟ ಅದಕ್ಕೆ ಕೊಡಬಾರದೇ ಎಂದೂ ಕೇಳಿದ್ದೀರಿ.

ಒಬ್ಬರೇ ಓದಿ ಮುಗಿಸುವ ಆಸೆ ಮೊದಲು ಬಿಡಿ. ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಹೊಸ ಲೇಖನ ಸೇರುತ್ತವೆ. ದೊಡ್ಡ ಆಸ್ಪತ್ರೆಯ ಪ್ರೊಫೆಸರ್‌ಗೂ ಅದು ಆಗದ ಮಾತು.

ಹಾಗಂತ ಯಾರೂ ಓದಿ ಒಟ್ಟುಗೂಡಿಸದಿದ್ದರೆ ಏನಾಗುತ್ತದೆ? ಅವಧಿಗೆ ಮುಂಚೆ ಹೆರಿಗೆ ಆಗುವ ಸಂಭವ ಇರುವ ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ, ಮಗು ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಇದು ನಿಮಗೆ ಗೊತ್ತಿರುವ ಸಂಗತಿ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಇದರ ಮೊದಲ ಪ್ರಯೋಗ ಪ್ರಕಟಿಸಿದ್ದು 1972ರಲ್ಲಿ. ಆಮೇಲೆ ಬೇರೆ ಪ್ರಯೋಗಗಳೂ ಬಂದವು. ಆದರೆ ಅವನ್ನೆಲ್ಲ ಕೂಡಿಸಿ ನೋಡಿದ ಅಧ್ಯಯನ ಬಂದಿದ್ದು 1989ರಲ್ಲಿ! ಅಲ್ಲಿಯವರೆಗೆ ಬಹಳಷ್ಟು ಹೆರಿಗೆ ಡಾಕ್ಟರಿಗೆ ಇದರ ಬಲ ಗೊತ್ತೇ ಇರಲಿಲ್ಲ. ಉತ್ತರ ಅಚ್ಚಾಗಿ ಕಪಾಟಿನಲ್ಲಿತ್ತು, ಮಕ್ಕಳು ಸಾಯುತ್ತಲೇ ಇದ್ದವು. 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆ ಈ ಪ್ರಯೋಗಗಳ ಫಲಿತಾಂಶದ ರೇಖಾಚಿತ್ರವನ್ನೇ ತನ್ನ ಲಾಂಛನ ಮಾಡಿಕೊಂಡಿತು. ಒಂದು ವಿಷಯದ ಪ್ರಯೋಗಗಳನ್ನೆಲ್ಲ ಹುಡುಕಿ, ಜರಡಿ ಹಿಡಿದು, ಒಟ್ಟು ಏನು ಗೊತ್ತಾಗುತ್ತದೆ ಎಂದು ಬರೆಯುವುದೇ ಅವರ ಕೆಲಸ. ನೀವು ಶುರು ಮಾಡಬೇಕಾದದ್ದು ಅಲ್ಲಿಂದ, ಹೊಸ ಸಂಶೋಧನಾ ಪೇಪರ್‌ಗಳಿಂದ ಅಲ್ಲ.

ಇನ್ನು ವಾಟ್ಸಾಪ್. 2020ರ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಎಂಬ ಕೋವಿಡ್ ಔಷಧ ಪ್ರಯೋಗದ ಫಲಿತಾಂಶ ಬಂತು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ಹಳೆಯ ಔಷಧ, ಅಗ್ಗದ ಔಷಧ, ಇಂಥ ಸುದ್ದಿ ಹೊತ್ತು ಎಂಆರ್ ನಿಮ್ಮ ಬಾಗಿಲಿಗೆ ಬರುವುದಿಲ್ಲ ಬಿಡಿ. ಆದರೆ ಅದೇ ಪ್ರಯೋಗ ಇನ್ನೊಂದು ಮಾತನ್ನೂ ಹೇಳಿತ್ತು: ಆಕ್ಸಿಜನ್ ಬೇಕಿಲ್ಲದವರಿಗೆ ಇದರಿಂದ ಲಾಭವಿಲ್ಲ. ಫಾರ್ವರ್ಡ್ ಆಗುತ್ತ ಆಗುತ್ತ ಈ ಎರಡನೇ ಸಾಲು ಉದುರಿಹೋಯಿತು. ಮನೆಯಲ್ಲಿದ್ದವರಿಗೂ ಸ್ಟೀರಾಯ್ಡ್ ಬರೆದದ್ದು, ಶುಗರ್ ಏರಿದ್ದು, 2021ರಲ್ಲಿ ಕಪ್ಪು ಶಿಲೀಂಧ್ರ ಬಂದವರು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ದಾಖಲಾದದ್ದು ನೀವೇ ಕಂಡಿದ್ದೀರಿ.

ಅದಕ್ಕೇ ನಾನು ಹೇಳುವುದು, ಪೇಪರ್ ಆರಿಸಿ ಕಳಿಸಿದರೆ ಸಾಲದು. ಯಾಕೆ ಆರಿಸಿದೆ, ಆ ಔಷಧ ಯಾರಿಗೆ ಕೊಡಬಾರದು ಎಂದು ಆರಿಸಿದವರು ಹೆಸರು ಹಾಕಿ ಬರೆಯಬೇಕು. ಹೊರದೇಶದಲ್ಲಿ ಇದು ಹೊಸತಲ್ಲ. 'ಫ್ಯಾಕಲ್ಟಿ ಆಫ್ ತೌಸಂಡ್' ಎಂಬ ಸೇವೆ 2002ರಲ್ಲೇ ಶುರುವಾಗಿತ್ತು. ತಜ್ಞರು ತಮಗೆ ಮುಖ್ಯವೆನಿಸಿದ ಪೇಪರ್ ಆರಿಸಿ, ಕಾರಣ ಬರೆದು, ಕೆಳಗೆ ಹೆಸರು ಹಾಕುತ್ತಿದ್ದರು. ಒಳ್ಳೆಯ ಪದ್ಧತಿ. ಆದರೆ ಎಲ್ಲೋ ದೂರದೇಶದಲ್ಲಿ ಕೂತು ಆರಿಸುವವರಿಗೆ ಹೊಲಕ್ಕೆ ಹೊಡೆಯುವ ಎಣ್ಣಿ ಕುಡಿದು ರಾತ್ರಿ ಎರಡಕ್ಕೆ ಬರುವ ರೋಗಿ ನೆನಪಾಗುವುದು ಕಷ್ಟ. ಹಾವು ಕಚ್ಚಿಸಿಕೊಂಡು ಬಂದವರೂ ಅಷ್ಟೇ. ಆ ಆಯ್ಕೆಯನ್ನು ಇಲ್ಲಿಯವರೇ ಮಾಡಬೇಕು ಅಲ್ವಾ?

ಹಾನಗಲ್, ರಾಣೇಬೆನ್ನೂರು, ರೋಣ, ಹುಬ್ಬಳ್ಳಿ ಹೀಗೆ ಐದಾರು ಮಂದಿ ಸೇರಿ. ಒಬ್ಬರಿಗೆ ಶುಗರ್-ಬಿಪಿ, ಒಬ್ಬರಿಗೆ ಮಕ್ಕಳ ಕಾಯಿಲೆ, ಇನ್ನೊಬ್ಬರಿಗೆ ವಿಷ ಮತ್ತು ಹಾವು. ಪಬ್‌ಮೆಡ್‌ನಲ್ಲಿ ಪುಕ್ಕಟೆ ಖಾತೆ ತೆರೆದು ವಿಷಯ ಹಾಕಿಟ್ಟರೆ ವಾರವಾರ ಇಮೇಲ್‌ಗೆ ಪಟ್ಟಿ ಬರುತ್ತದೆ. ಗುಂಪಿನಲ್ಲಿ ಒಬ್ಬರಾದರೂ ಸರ್ಕಾರಿ ಮೆಡಿಕಲ್ ಕಾಲೇಜಿನವರು ಇರಲಿ, ಯಾಕೆಂದರೆ 2025ರಿಂದ ಕೇಂದ್ರ ಸರ್ಕಾರ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು (ಜರ್ನಲ್) ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುತ್ತಿದೆ, ನಿಮ್ಮಂಥ ಖಾಸಗಿ ದವಾಖಾನೆಗೆ ಅದು ಸಿಗುವುದಿಲ್ಲ. ತಿಂಗಳಿಗೆ ತಲಾ ಒಂದೇ ಪೇಪರ್ ಸಾಕು. ಯಾರ ಮೇಲೆ ಪ್ರಯೋಗ ನಡೆಯಿತು, ನೂರು ಜನರಲ್ಲಿ ಎಷ್ಟು ಮಂದಿಗೆ ಲಾಭ, ದುಡ್ಡು ಕೊಟ್ಟವರು ಯಾರು, ನಾಳೆ ನಮ್ಮ ಚೀಟಿಯಲ್ಲಿ ಏನಾದರೂ ಬದಲಾಗಬೇಕಾ ಅಂತ ಬರೆಯಿರಿ. 'ಏನೂ ಬದಲಾಗಬೇಕಿಲ್ಲ' ಎನ್ನುವುದೂ ಒಳ್ಳೆಯ ಉತ್ತರವೇ.

ಈಗ ಪುಟದ ವಿಷಯ. ಕೊಡುತ್ತೇನೆ. ಆದರೆ ಬರೆಯುವವರು ನಮ್ಮ ಉಪಸಂಪಾದಕರಲ್ಲ, ನಿಮ್ಮ ಗುಂಪು. ಬರೆದವರ ಹೆಸರು ಇರಬೇಕು. ಆ ಔಷಧದ ಕಂಪನಿಯಿಂದ ಸಮ್ಮೇಳನ, ಪ್ರವಾಸ, ಉಡುಗೊರೆ ಏನಾದರೂ ಸಿಕ್ಕಿದ್ದರೆ ಅದನ್ನೂ ಬರೆಯಬೇಕು, ಬೇಜಾರು ಮಾಡಿಕೊಳ್ಳಬೇಡಿ. ಇನ್ನೊಂದು, ಬರೀ ಇಲಿಗಳ ಮೇಲೆ ಮಾಡಿದ ಪ್ರಯೋಗ ಎಷ್ಟೇ ಚೆನ್ನಾಗಿದ್ದರೂ ಬೇಡ. ನಮ್ಮ ಓದುಗರು ಮರುದಿನವೇ ಪತ್ರಿಕೆ ಹಿಡಿದು ಮೆಡಿಕಲ್ ಶಾಪ್‌ಗೆ ಹೋಗಿ 'ಈ ಗುಳಿಗೆ ಕೊಡ್ರಿ' ಅಂತಾರೆ.