ಕಾವ್ಯದಲ್ಲಿ ಪಾತ್ರವೊಂದು ಆಡಿದ ಮಾತನ್ನು ವಿಶ್ಲೇಷಿಸುವುದು ಹೇಗೆ?

ಹಳೆಯ ಕಾವ್ಯದಿಂದ ಪಾತ್ರವೊಂದರ ಮಾತನ್ನು ಕೊಟ್ಟು ‘ವಿಶ್ಲೇಷಿಸಿ’ ಎಂದಾಗ, ಸಾರಾಂಶ ಬರೆದ ಮೇಲೆ ಮುಂದೇನು ಬರೆಯಬೇಕೆಂದು ತೋಚುವುದಿಲ್ಲ ಎಂದು ಕೇಳಿದ್ದೀರಿ. ಆ ಮಾತು ಯಾವ ಮಾತಿಗೆ ಉತ್ತರವಾಗಿ ಬಂತು, ಆಡಿದವನಿಗೆ ಆ ಹೊತ್ತಿಗೆ ಏನೇನು ತಿಳಿದಿತ್ತು, ಕೇಳಿದವರು ಅದಕ್ಕೆ ಏನೆಂದರು ಎಂಬುದನ್ನು ಹುಡುಕಿದರೆ ಬರೆಯಲು ಬೇಕಾದಷ್ಟು ಸಿಗುತ್ತದೆ. ನನಗೆ ಬಹಳ ಪ್ರಿಯವಾದ ಒಂದು ಪದ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಹತ್ತನೆಯ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನು “ಕುಲಂ ಕುಲಮಲ್ತು ಚಲಂ ಕುಲಂ ಗುಣಂ ಕುಲಮಭಿಮಾನಮೊಂದೆ ಕುಲಮಣ್ಮು ಕುಲಂ” ಎನ್ನುತ್ತಾನೆ: ಹುಟ್ಟಿದ ಕುಲ ಕುಲವಲ್ಲ; ಛಲ, ಗುಣ, ಅಭಿಮಾನ, ಪರಾಕ್ರಮ ಇವೇ ಕುಲ. ಭಾಷಣಗಳಲ್ಲಿ ಈ ಸಾಲು ಬಿಡಿ ಸೂಕ್ತಿಯಾಗಿ ಬಳಕೆಯಾಗಿರುವುದರಿಂದ, ‘ಪಂಪನು ಇಲ್ಲಿ ಕುಲದ ಹೆಮ್ಮೆಯನ್ನು ಖಂಡಿಸಿದ್ದಾನೆ’ ಎಂದು ಬರೆದು ಮುಗಿಸುವವರೇ ಹೆಚ್ಚು. ಅದು ತಪ್ಪಲ್ಲ, ಆದರೆ ಆ ಉತ್ತರದಲ್ಲಿ ಕರ್ಣನೇ ಇರುವುದಿಲ್ಲ.

ಸಂದರ್ಭಕ್ಕೆ ಹೋಗೋಣ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವಾಗ ಕರ್ಣ ಅವನ ಮುಪ್ಪನ್ನು ಹಂಗಿಸುತ್ತಾನೆ. ಅದನ್ನು ಸಹಿಸದ ದ್ರೋಣ, ನಿನ್ನ ನಾಲಗೆಯೇ ನಿನ್ನ ಕುಲವನ್ನು ಹೊರಗೆಡಹುತ್ತಿದೆ ಎಂಬರ್ಥದಲ್ಲಿ ಗದರುತ್ತಾನೆ. ಕರ್ಣನ ಪದ್ಯ ಆ ಏಟಿಗೆ ಕೊಟ್ಟ ಮಾರೇಟು. ಅದು ಶುರುವಾಗುವುದೇ ಪ್ರಶ್ನೆಯಿಂದ: ಕುಲವನ್ನೇ ಮುಂದಿಟ್ಟು ಹೇಳಿಕೊಳ್ಳುತ್ತೀರಲ್ಲ, ನಿಮ್ಮ ಕುಲಗಳು ಎದುರಾದವನನ್ನು ಅಟ್ಟಿಕೊಂಡು ಹೋಗಿ ತಿನ್ನುತ್ತವೆಯೇ? ಮುಗಿಯುವುದು ಎಚ್ಚರಿಕೆಯಿಂದ: “ಈ ಕಲಹದೊಳಣ್ಣ ನಿಮ್ಮ ಕುಲಮಾಕುಲಮಂ ನಿಮಗುಂಟುಮಾಡುಗುಂ”, ಅಂದರೆ ಈ ಯುದ್ಧದಲ್ಲಿ ನಿಮ್ಮ ಕುಲವೇ ನಿಮಗೆ ಆಕುಲವನ್ನು, ಕಳವಳವನ್ನು, ತಂದೀತು. ದ್ರೋಣ ಎಸೆದ ಕುಲದ ಮಾತನ್ನು ಕರ್ಣ ಮತ್ತೆ ಮತ್ತೆ ತಿರುಗಿಸಿ, ಕಡೆಗೆ ‘ಆಕುಲ’ವಾಗಿಸಿ, ಎಸೆದವರ ಮೇಲೆಯೇ ಹಾಕುತ್ತಾನೆ. ನಾವು ಸೂಕ್ತಿಯೆಂದು ಎತ್ತಿಕೊಂಡದ್ದು ಈ ಪ್ರಶ್ನೆಗೂ ಈ ಎಚ್ಚರಿಕೆಗೂ ನಡುವೆ ಸಿಟ್ಟಿನಲ್ಲಿ ಆಡಿದ ಮಾತು.

ಇನ್ನು ಕರ್ಣನಿಗೆ ಆಗ ಏನು ತಿಳಿದಿತ್ತು? ಇದಕ್ಕೆ ಹಿಂದಿನ ಭಾಗವನ್ನು ಓದಲೇಬೇಕು. ಅವನು ಕುಂತಿಯ ಮಗನೆಂಬುದನ್ನು ಕೃಷ್ಣ ಅಷ್ಟರಲ್ಲಾಗಲೇ ತಿಳಿಸಿದ್ದಾನೆ. ಕುಂತಿಯೂ ಬಂದು ಹೋಗಿದ್ದಾಳೆ. ಆ ಗುಟ್ಟನ್ನು ಬಿಚ್ಚಿದ್ದರೆ ದ್ರೋಣನ ಬಾಯಿ ಆ ಕ್ಷಣವೇ ಮುಚ್ಚುತ್ತಿತ್ತು. ಕೈಯಲ್ಲಿ ಕ್ಷತ್ರಿಯ ಕುಲವನ್ನು ಇಟ್ಟುಕೊಂಡೂ ಅದನ್ನು ಬಳಸದೆ, ಚಲವೇ ಕುಲ ಎನ್ನುವವನ ಮಾತು ಎಷ್ಟು ತೂಕದ್ದು ನೋಡಿ! ಸಭೆಯಲ್ಲಿದ್ದವರಿಗೆ ಅದು ಸೂತಪುತ್ರನ ಉದ್ಧಟತನ; ಓದುವ ನಮಗೆ ಹಾಗಲ್ಲ. ಒಂದೇ ಮಾತು ಇಬ್ಬರಿಗೆ ಎರಡು ಬಗೆಯಾಗಿ ಕೇಳಿಸುವ ಇಂಥ ಜಾಗ ಸಿಕ್ಕರೆ ನಿಮ್ಮ ಉತ್ತರದ ಹೆಚ್ಚಿನ ಪಾಲನ್ನು ಅದಕ್ಕೇ ಕೊಡಿ.

ಬಳಿಕ ಬರುವ ಭೀಷ್ಮನ ಉತ್ತರವನ್ನು ಬಿಡಬೇಡಿ. ಕೆಣಕಿಸಿಕೊಂಡವನು ಅವನೇ, ಆದರೂ ಅವನಲ್ಲಿ ಸಿಟ್ಟಿಲ್ಲ. ಯೌವನದ ಸೊಕ್ಕು, ಒಡೆಯನ ನೆಚ್ಚಿಕೆ ಇವೆಲ್ಲ “ನಿನಗುಳ್ಳನಿತೇನೆನಗುಂಟೆ” (ನಿನಗಿರುವಷ್ಟು ನನಗುಂಟೇ) ಎಂದು ಕೇಳಿ, “ಸೂೞ್ಪಡೆಯಲಪ್ಪುದು ಕಾಣ ಮಹಾಜಿರಂಗದೊಳ್” ಎನ್ನುತ್ತಾನೆ: ಮಹಾಯುದ್ಧದಲ್ಲಿ ನಿನಗೂ ಸರದಿ ಬರುತ್ತದೆ. ಎರಡು ಪದ್ಯಗಳೂ ಚಂಪಕಮಾಲೆ ಎಂಬ ಒಂದೇ ಛಂದಸ್ಸಿನಲ್ಲಿವೆ, ಎರಡರಲ್ಲೂ ‘ಅಣ್ಣ’ ಎಂಬ ಸಂಬೋಧನೆ ಇದೆ. ಕರ್ಣನ ಬಾಯಲ್ಲಿ ಅದು ಚುಚ್ಚುತ್ತದೆ. ಭೀಷ್ಮನ ಬಾಯಲ್ಲಿ ಹಿರಿಯನ ಕನಿಕರವಾಗುತ್ತದೆ. ಕರ್ಣನ ಕಾವನ್ನು ಅಳೆಯಲು ಕವಿಯೇ ಈ ತಣ್ಣನೆಯ ಉತ್ತರವನ್ನು ಪಕ್ಕದಲ್ಲಿಟ್ಟಿದ್ದಾನೆ ಎಂದು ನನ್ನ ನಂಬಿಕೆ.

ಬರೆಯುವಾಗ ಸಂದರ್ಭಕ್ಕೆ ಎರಡು ವಾಕ್ಯ ಸಾಕು. ಅಲಂಕಾರ, ಛಂದಸ್ಸುಗಳ ಹೆಸರನ್ನು ಅವು ಮಾತಿಗೆ ಏನು ಮಾಡಿವೆ ಎಂದು ಹೇಳಬಲ್ಲಿರಾದರೆ ಮಾತ್ರ ಬರೆಯಿರಿ. ನಿಮ್ಮ ಪ್ರತಿಯೊಂದು ತೀರ್ಮಾನದ ಪಕ್ಕದಲ್ಲೂ ಅದಕ್ಕೆ ಆಧಾರವಾದ ಪದವನ್ನು ಮೂಲದಲ್ಲಿ ಇರುವಂತೆಯೇ ಎತ್ತಿ ಬರೆಯಿರಿ.