ಇಂಗ್ಲೆಂಡಿನ ಸರ್ಜನ್ ‘ಮಿಸ್ಟರ್’ ಆದದ್ದು ಹೇಗೆ? ಬೋರ್ಡಿನ ಮೇಲಿನ ಎಂಎಸ್, ಎಂಸಿಎಚ್, ಎಫ್‌ಆರ್‌ಸಿಎಸ್ ಅಂದರೇನು?

ಪ್ರಶ್ನೆ: ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿ ಸರ್ಜನ್‌ಗಳನ್ನು ಡಾಕ್ಟರ್ ಅನ್ನುವಂತಿಲ್ಲ, ‘ಮಿಸ್ಟರ್’ ಅನ್ನಬೇಕಂತೆ. ಇಷ್ಟು ಓದಿದವರಿಗೆ ಇದು ಹಿಂಬಡ್ತಿಯಲ್ಲವೇ? (ಹಾಸನದ ಓದುಗರು)

ಉತ್ತರ: ಅಲ್ಲಿ ಅದು ಬಡ್ತಿಯೇ. ವೈದ್ಯಕೀಯ ಪದವಿ ಮುಗಿಸಿದವರೆಲ್ಲ ಮೊದಲು ಡಾಕ್ಟರೇ. ಸರ್ಜರಿಯ ದಾರಿ ಹಿಡಿದು, ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಎಂಬ ಸಂಸ್ಥೆಯ ಸದಸ್ಯತ್ವ ಕೊಡುವ ಎಂಆರ್‌ಸಿಎಸ್ ಪರೀಕ್ಷೆ ಪಾಸಾದ ಮೇಲೆ ‘ಡಾಕ್ಟರ್’ ಬಿಟ್ಟು ಮಿಸ್ಟರ್, ಮಿಸ್ ಅಥವಾ ಮಿಸೆಸ್ ಆಗುತ್ತಾರೆ. ಒಂದೇ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವವರು ಡಾಕ್ಟರ್, ಚಾಕು ಹಿಡಿದವರು ಮಿಸ್ಟರ್. ಎಂಆರ್‌ಸಿಎಸ್ ಇನ್ನೂ ಆಗದ ಕಿರಿಯರು ಅದೇ ವಿಭಾಗದಲ್ಲಿದ್ದರೂ ಡಾಕ್ಟರೇ.

ಇದರ ಬೇರು ಓದು ಮತ್ತು ಕೈಕೆಲಸವನ್ನು ಬೇರೆಬೇರೆ ಇಟ್ಟಿದ್ದ ಕಾಲದಲ್ಲಿದೆ. ಹಳೆಯ ಯೂರೋಪಿನಲ್ಲಿ ಫಿಜಿಷಿಯನ್ ಅಂದರೆ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಓದಿ ಎಂಡಿ (ಡಾಕ್ಟರ್ ಆಫ್ ಮೆಡಿಸಿನ್) ಪಡೆದವನು. ನಾಡಿ ಹಿಡಿದು, ಮೂತ್ರ ನೋಡಿ ಔಷಧ ಹೇಳುತ್ತಿದ್ದ. ಕುರು ಕೊಯ್ಯುವುದು, ಮೂಳೆ ಕೂಡಿಸುವುದು, ಮೂತ್ರಕೋಶದ ಕಲ್ಲು ತೆಗೆಯುವುದು, ಕೊಳೆತ ಕಾಲು ಕತ್ತರಿಸುವುದು ಬೇರೆಯವರ ಪಾಲು. ಅವರು ಪದವೀಧರರಲ್ಲ. ಬಡಗಿ, ಕಮ್ಮಾರರ ಹಾಗೆ ಒಬ್ಬ ಗುರುವಿನ ಬಳಿ ಸಾಮಾನ್ಯವಾಗಿ ಏಳು ವರ್ಷ ಅಪ್ರೆಂಟಿಸ್ ಆಗಿದ್ದು ಕಲಿತವರು. ಸರ್ಜರಿ ಅನ್ನುವ ಪದವೇ ಗ್ರೀಕಿನ ‘ಕೈ’ ಮತ್ತು ‘ಕೆಲಸ’ ಎಂಬೆರಡು ಪದ ಸೇರಿ ಆದದ್ದು. ಅಪ್ಪಟ ಕನ್ನಡದಲ್ಲಿ ಕೈಕೆಲಸ.

1540ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾನೂನು ಲಂಡನ್ನಿನ ಕ್ಷೌರಿಕರ ಸಂಘವನ್ನೂ ಸರ್ಜನ್‌ಗಳ ಕೂಟವನ್ನೂ ಒಂದೇ ಕಂಪನಿಯಾಗಿಸಿತು. ಸೇರಿಸಿದ್ದು ಸಂಘವನ್ನು ಮಾತ್ರ, ಕೆಲಸವನ್ನಲ್ಲ. ಸರ್ಜನ್ ಕ್ಷೌರ ಮಾಡುವಂತಿರಲಿಲ್ಲ, ಕ್ಷೌರಿಕ ಹಲ್ಲು ಕೀಳುವುದರ ಹೊರತು ಬೇರೆ ಶಸ್ತ್ರಕ್ರಿಯೆ ಮಾಡುವಂತಿರಲಿಲ್ಲ. ‘ಹಿಂದೆ ಕ್ಷೌರಿಕರೇ ಆಪರೇಷನ್ ಮಾಡುತ್ತಿದ್ದರು’ ಎಂದು ಒಂದೇ ಏಟಿಗೆ ಹೇಳಿಬಿಡುವುದು ಆದ್ದರಿಂದ ಪೂರ್ತಿ ಸರಿಯಲ್ಲ. ಅದೇ ಕಾನೂನು ಗಲ್ಲಿಗೇರಿದವರ ನಾಲ್ಕು ಹೆಣಗಳನ್ನು ಪ್ರತಿ ವರ್ಷ ಛೇದನ ಪಾಠಕ್ಕೆ ಕೊಟ್ಟಿತು. ತರಬೇತಿಯ ದೃಷ್ಟಿಯಿಂದ ಸಂಘ ಕೂಡಿದ್ದಕ್ಕಿಂತ ಇದು ದೊಡ್ಡ ಸಂಗತಿ.

1745ರಲ್ಲಿ ಸರ್ಜನ್‌ಗಳು ಬೇರೆಯಾದರು. 1800ರಲ್ಲಿ ಅವರ ಸಂಸ್ಥೆ ರಾಯಲ್ ಕಾಲೇಜಾಯಿತು, 1843ರಲ್ಲಿ ಎಫ್‌ಆರ್‌ಸಿಎಸ್ (ಫೆಲೋ ಆಫ್ ದಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್) ಎಂಬ ಫೆಲೋಶಿಪ್ ಹುಟ್ಟಿತು. ಆದರೆ ಈ ಕಾಲೇಜು ಕೊಡುತ್ತಿದ್ದದ್ದು ಡಿಪ್ಲೊಮಾ, ವಿಶ್ವವಿದ್ಯಾಲಯದ ಪದವಿಯಲ್ಲ. ಪದವಿ ಇಲ್ಲವೆಂದ ಮೇಲೆ ‘ಡಾಕ್ಟರ್’ ಇಲ್ಲ. ಔಷಧ, ಸರ್ಜರಿ, ಹೆರಿಗೆ ಮೂರರಲ್ಲೂ ಪಾಸಾಗದೆ ವೈದ್ಯರ ಪಟ್ಟಿಗೆ ಸೇರುವಂತಿಲ್ಲ ಎಂದು 1886ರ ಕಾನೂನು ಬಂದಾಗ ಹಳೆಯ ಗೋಡೆ ಬಿತ್ತು. ಅಷ್ಟು ಹೊತ್ತಿಗೆ ಅರಿವಳಿಕೆಯೂ ಗಾಯದ ಸೋಂಕು ತಡೆಯುವ ಲಿಸ್ಟರನ ಕಾರ್ಬಾಲಿಕ್ ಆಮ್ಲವೂ ಬಂದು ಸರ್ಜನ್‌ಗಳ ಗೌರವ ಏರಿತ್ತು. ಒಂದು ಕಾಲದಲ್ಲಿ ಕೀಳೆನಿಸಿದ್ದ ‘ಮಿಸ್ಟರ್’ ಅನ್ನು ಅವರು ಬಿಡಲಿಲ್ಲ. ಹೆಂಗಸರಿಗೆ ಆ ಬಾಗಿಲು ತೆರೆದದ್ದು ಬಹಳ ತಡವಾಗಿ: ಈ ಕಾಲೇಜಿನ ಮೊದಲ ಮಹಿಳಾ ಎಫ್‌ಆರ್‌ಸಿಎಸ್ ಎಲಿನರ್ ಡೇವಿಸ್ ಕಾಲಿ, 1911ರಲ್ಲಿ.

ಪ್ರಶ್ನೆ: ಸುಶ್ರುತನ ಶಿಷ್ಯರು ಕುಂಬಳಕಾಯಿ ಕೊಯ್ದು ಆಪರೇಷನ್ ಕಲಿಯುತ್ತಿದ್ದರಂತೆ. ನಿಜವೋ, ಭಾಷಣದಲ್ಲಿ ಹುಟ್ಟಿದ ಕಥೆಯೋ? (ಶಿರಸಿಯ ಓದುಗರು)

ಉತ್ತರ: ಸುಶ್ರುತ ಸಂಹಿತೆಯಲ್ಲೇ ಇದೆ, ಸೂತ್ರಸ್ಥಾನದ ಒಂಬತ್ತನೇ ಅಧ್ಯಾಯದಲ್ಲಿ. ಅಲ್ಲಿ ‘ಯೋಗ್ಯಾ’ ಅಂದರೆ ಅಭ್ಯಾಸ. ಶಾಸ್ತ್ರ ಪೂರ್ತಿ ಓದಿದ ಶಿಷ್ಯನಿಂದಲೂ ಯೋಗ್ಯಾ ಮಾಡಿಸಲೇಬೇಕು ಅನ್ನುತ್ತದೆ ಗ್ರಂಥ.

ಒಂದೊಂದು ಕೆಲಸಕ್ಕೆ ಒಂದೊಂದು ವಸ್ತು. ಕೊಯ್ಯುವುದನ್ನು ಕಲಿಯಲು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆ. ಸೀಳುವುದಕ್ಕೆ ನೀರು, ಕೆಸರು ತುಂಬಿದ ತೊಗಲಿನ ಚೀಲ. ಕೆರೆಯುವುದಕ್ಕೆ ಕೂದಲಿರುವ ಹಸಿ ಚರ್ಮ. ಚುಚ್ಚುವುದಕ್ಕೆ ಸತ್ತ ಪ್ರಾಣಿಯ ರಕ್ತನಾಳ ಮತ್ತು ನೈದಿಲೆಯ ದಂಟು. ಸಲಾಕೆ ಹಾಕಿ ಹುಣ್ಣಿನ ದಾರಿ ಹುಡುಕುವುದನ್ನು ಹುಳು ತಿಂದ ಮರದ ಮೇಲೆ ಮಾಡಬೇಕು. ಹೊರಗೆಳೆಯುವುದಕ್ಕೆ ಹಲಸು, ತೊಂಡೆ, ಬಿಲ್ವದ ತಿರುಳು ಮತ್ತು ಸತ್ತ ಪ್ರಾಣಿಯ ಹಲ್ಲು. ಕೀವು ಹರಿಸುವುದಕ್ಕೆ ಬೂರುಗದ ಹಲಗೆಗೆ ಬಳಿದ ಜೇನುಮೇಣ. ಹೊಲಿಗೆಗೆ ಬಟ್ಟೆಯ ಅಂಚು, ಮೆತ್ತನೆಯ ಚರ್ಮದ ಅಂಚು. ಪಟ್ಟಿ ಕಟ್ಟುವುದಕ್ಕೆ ಆಳೆತ್ತರದ ಗೊಂಬೆ.

ಈ ಆಯ್ಕೆಗಳ ಹಿಂದೆ ಎಂಥ ಗಮನವಿದೆ ನೋಡಿ. ಅಡುಗೆಮನೆಯಲ್ಲಿ ಬಲಿತ ಸೋರೆಕಾಯಿ ಹೆಚ್ಚುವಾಗ ಸಿಪ್ಪೆ ತಡೆಯುತ್ತದೆ, ಒತ್ತಡ ಹೆಚ್ಚಿಸುತ್ತೀರಿ, ಸಿಪ್ಪೆ ಹರಿದ ಕ್ಷಣವೇ ಚಾಕು ಸರ್ರನೆ ಒಳಗಿಳಿಯುತ್ತದೆ. ಹೊಸ ಸರ್ಜನ್ ಎಡವುವುದೂ ಅಲ್ಲೇ. ಚರ್ಮ ಬಿಟ್ಟುಕೊಟ್ಟ ಕ್ಷಣದಲ್ಲಿ ಕೈ ತಡೆಯದಿದ್ದರೆ ಕೆಳಗಿನ ನರವೋ ಕರುಳೋ ಕತ್ತರಿಸಿಹೋಗುತ್ತದೆ. ನೀರು ತುಂಬಿದ ಚೀಲ ಕಲಿಸುವುದೂ ಅದನ್ನೇ, ಒತ್ತಡದಲ್ಲಿರುವ ಕುರುವಿನ ಮಟ್ಟಿಗೆ. ಹುಳು ತಿಂದ ಮರದಲ್ಲಿ ಸೊಟ್ಟ ದಾರಿ ಇರುತ್ತದೆ. ಸಲಾಕೆಯನ್ನು ಬಲವಂತವಾಗಿ ತಳ್ಳಿದರೆ ಹೊಸ ತೂತು ಬೀಳುತ್ತದೆ. ಭಗಂದರದಲ್ಲಿ (ಗುದದ ಪಕ್ಕದ ಕೀವಿನ ದಾರಿಯಲ್ಲಿ) ಸಲಾಕೆ ಹಾಕುವವರು ಇವತ್ತಿಗೂ ಹೆದರುವುದು ಇದೇ ತಪ್ಪು ದಾರಿಗೆ.

ದೇಹದ ಒಳಗನ್ನು ತಿಳಿಯಲು ಹೇಳಿದ ವಿಧಾನ ಅದೇ ಗ್ರಂಥದ ಶಾರೀರಸ್ಥಾನ ಎಂಬ ಭಾಗದಲ್ಲಿದೆ. ಅಂಗಾಂಗ ಪೂರ್ತಿಯಿರುವ, ವಿಷದಿಂದಾಗಲಿ ದೀರ್ಘ ಕಾಯಿಲೆಯಿಂದಾಗಲಿ ಸಾಯದ ದೇಹವನ್ನು ಆರಿಸಿ, ಕರುಳಿನ ಮಲ ತೆಗೆದು, ಹುಲ್ಲು ನಾರು ಸುತ್ತಿ, ಪಂಜರದಲ್ಲಿಟ್ಟು, ಮೆಲ್ಲಗೆ ಹರಿಯುವ ನೀರಿನಲ್ಲಿ ಮರೆಯಾದ ಕಡೆ ಮುಳುಗಿಸಬೇಕು. ಏಳು ರಾತ್ರಿ ಕಳೆದ ಮೇಲೆ ತೆಗೆದು, ಲಾವಂಚದಂಥ ಬೇರಿನ ಕುಂಚದಿಂದ ಮೆಲ್ಲನೆ ಉಜ್ಜುತ್ತಾ ಚರ್ಮದಿಂದ ಶುರುಮಾಡಿ ಪದರ ಪದರವಾಗಿ ಕಣ್ಣಾರೆ ನೋಡಬೇಕು. ಈ ಕ್ರಮದಲ್ಲಿ ಮೂಳೆ, ಕೀಲು, ಸ್ನಾಯುಗಳು ಚೆನ್ನಾಗಿ ಕಾಣುತ್ತವೆ. ಮಿದುಳಿನಂಥ ಮೆದು ಭಾಗ ಅಷ್ಟರಲ್ಲಿ ಕೊಳೆತು ರೂಪ ಕಳೆದುಕೊಂಡಿರುತ್ತದೆ. ಅದು ಈ ವಿಧಾನದ ಮಿತಿ.

ಬರೀ ಓದಿದವನು ರೋಗಿಯ ಮುಂದೆ, ಯುದ್ಧಕ್ಕೆ ಬಂದ ಹೇಡಿಯ ಹಾಗೆ ಕಂಗೆಡುತ್ತಾನೆ. ಬರೀ ಕೈಚಳಕದವನು ರಾಜದಂಡನೆಗೆ ಯೋಗ್ಯ. ಇಬ್ಬರೂ ಒಂದೇ ರೆಕ್ಕೆಯ ಹಕ್ಕಿಗಳು ಎಂದು ಸಂಹಿತೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಡಾಕ್ಟರ್, ಮಿಸ್ಟರ್ ಎಂದು ಎರಡಾಗಿ ಸೀಳಿದ್ದು ಇದೇ ಹಕ್ಕಿಯನ್ನು.

ಪ್ರಶ್ನೆ: ಶ್ರೀರಂಗಪಟ್ಟಣದ ಯುದ್ಧದಲ್ಲಿ ಮೂಗು ಕತ್ತರಿಸಿಕೊಂಡವನಿಗೆ ಹೊಸ ಮೂಗು ಕೂರಿಸಿದ್ದರಿಂದಲೇ ಪ್ಲಾಸ್ಟಿಕ್ ಸರ್ಜರಿ ಯೂರೋಪಿಗೆ ಹೋಯಿತಂತೆ. ಎಷ್ಟು ನಿಜ? (ಮಂಡ್ಯದ ಓದುಗರು)

ಉತ್ತರ: ಬಹುಪಾಲು ನಿಜ. ಆದರೆ ಮೂಗು ಕೂರಿಸಿದ್ದು ಶ್ರೀರಂಗಪಟ್ಟಣದಲ್ಲಲ್ಲ, ಪುಣೆಯ ಹತ್ತಿರ. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಪತ್ರವೊಂದನ್ನು ಚಿತ್ರಸಮೇತ ಅಚ್ಚುಮಾಡಿತು. ಕೌಸಜಿ ಎಂಬ ಮರಾಠ ಬೇಸಾಯಗಾರ 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುವವನಾಗಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಾಗ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ. ಆಮೇಲೆ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಹೊಸ ಮೂಗು ಕಟ್ಟಿದ. ಬೊಂಬಾಯಿಯ ಸರ್ಜನ್‌ಗಳಾದ ಥಾಮಸ್ ಕ್ರೂಸೊ, ಜೇಮ್ಸ್ ಫಿಂಡ್ಲೆ ನಿಂತು ನೋಡಿದರು.

ಮಾಡಿದ ಕ್ರಮ ಹೀಗಿದೆ. ಮೊದಲು ಮೂಗಿನ ಮೋಟಿನ ಮೇಲೆ ಮೇಣದ ತೆಳು ಹಾಳೆ ಒತ್ತಿ ಮೂಗಿನ ಆಕಾರ ತಂದರು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಆ ಗೆರೆಯಗುಂಟ ಹಣೆಯ ಚರ್ಮ ಬಿಡಿಸಿ, ಎರಡು ಕಣ್ಣಿನ ನಡುವೆ ಮಾತ್ರ ಒಂದು ತೊಟ್ಟು ಉಳಿಸಿಕೊಂಡರು. ಮೋಟಿನ ಅಂಚನ್ನು ಕೆತ್ತಿ ಹಸಿ ಮಾಡಿ, ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ ಅಂಚಿಗೆ ಕೂಡಿಸಿದರು. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಐದಾರು ಪದರ ಅಂಟಿಸಿದರು. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ, ಆಮೇಲೆ ತುಪ್ಪದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೇ ದಿನ ಹೊಳ್ಳೆಗೆ ಮೆತ್ತನೆಯ ಬಟ್ಟೆಯ ಚೂರು. ತೊಟ್ಟನ್ನು ಕತ್ತರಿಸಿದ್ದು ಸುಮಾರು 25ನೇ ದಿನ.

ಆ ತೊಟ್ಟಿನಲ್ಲೇ ಇಡೀ ಗುಟ್ಟಿದೆ. ಅದರೊಳಗೆ ರಕ್ತನಾಳ ಹಾದುಹೋಗುತ್ತದೆ. ಹೊಸ ಜಾಗದಲ್ಲಿ ರಕ್ತ ಹರಿಯಲು ಶುರುವಾಗುವ ತನಕ ಚರ್ಮ ಬದುಕುವುದು ಅದರಿಂದಲೇ. ಅವಸರಪಟ್ಟು ಕತ್ತರಿಸಿದರೆ ಮೂಗು ಕಪ್ಪಾಗಿ ಸಾಯುತ್ತದೆ. ತಿರುವು ಬಿಗಿಯಾದರೆ ರಕ್ತ ಒಳಬಂದು ಹೊರಹೋಗದೆ ನೀಲಿಗಟ್ಟುತ್ತದೆ. ಹೊಳ್ಳೆಗೆ ಬಟ್ಟೆ ಇಡದಿದ್ದರೆ ಗಾಯ ಮಾಗುತ್ತಾ ಕುಗ್ಗಿ ತೂತು ಮುಚ್ಚುತ್ತದೆ. ಇವತ್ತಿನ ಪ್ಲಾಸ್ಟಿಕ್ ಸರ್ಜನ್‌ಗಳೂ ಹಣೆಯ ಚರ್ಮವನ್ನೇ ಇಳಿಸುತ್ತಾರೆ, ತೊಟ್ಟನ್ನು ಸಾಮಾನ್ಯವಾಗಿ ಮೂರು ವಾರಕ್ಕೆ ಬಿಡಿಸುತ್ತಾರೆ. ಜೊತೆಗೆ ಒಳಪದರ ಕಟ್ಟಿ, ಕಿವಿಯ ಅಥವಾ ಪಕ್ಕೆಯ ಮೃದ್ವಸ್ಥಿ ಆಧಾರ ಕೊಡುತ್ತಾರೆ. ಬರೀ ಚರ್ಮದ ಮೂಗು ವರ್ಷ ಕಳೆದಂತೆ ಕುಗ್ಗುತ್ತದೆ.

ಸುಶ್ರುತ ಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮ ಬಳಸಲು ಹೇಳಿದೆ. ಪುಣೆಯವನು ಬಳಸಿದ್ದು ಹಣೆಯದ್ದು. ಕೆಲಸ ಬಲ್ಲವರ ಕೈಯಲ್ಲಿ ಆ ವಿದ್ಯೆ ಬೇರೆ ರೂಪ ಪಡೆದಿತ್ತು. ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯು ಈ ವಿಧಾನವನ್ನು 1814ರಲ್ಲಿ ಮಾಡಿ, 1816ರಲ್ಲಿ ಪ್ರಕಟಿಸಿದ. ಅವನ ಹೆಸರು ಪಠ್ಯಪುಸ್ತಕದಲ್ಲಿದೆ. ಇಟ್ಟಿಗೆ ಕೆಲಸದವನ ಹೆಸರನ್ನು ಪತ್ರಿಕೆ ಬರೆಯಲೇ ಇಲ್ಲ. ಇದು ನೋವಿನ ಸಂಗತಿ.

ಪ್ರಶ್ನೆ: ತಂದೆಯವರ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಮಾಡುವವರ ಬೋರ್ಡಿನಲ್ಲಿ ಎಂಬಿಬಿಎಸ್, ಎಂಎಸ್, ಎಫ್‌ಎಂಎಎಸ್, ಎಫ್‌ಐಎಜಿಇಎಸ್ ಎಂದಿದೆ. ಇನ್ನೊಬ್ಬರ ಬೋರ್ಡಿನಲ್ಲಿ ಎಫ್‌ಆರ್‌ಸಿಎಸ್. ಯಾರು ಹೆಚ್ಚು? (ದಾವಣಗೆರೆಯ ಓದುಗರು)

ಉತ್ತರ: ಮುಖ್ಯವಾದ ಅಕ್ಷರಗಳು ಎಂಎಸ್, ಅಂದರೆ ಮಾಸ್ಟರ್ ಆಫ್ ಸರ್ಜರಿ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದರ ಮೇಲೆ ಮೂರು ವರ್ಷ ಜನರಲ್ ಸರ್ಜರಿ ಮಾಡಿದರೆ ಎಂಎಸ್, ಅಥವಾ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ. ಎರಡರಲ್ಲಿ ಯಾವುದಿದ್ದರೂ ಸರ್ಜನ್. ಮತ್ತೆ ಮೂರು ವರ್ಷ ಮೂತ್ರಾಂಗ, ಹೃದಯ, ಪ್ಲಾಸ್ಟಿಕ್, ಜಠರ ಕರುಳಿನಂಥ ಒಂದೇ ವಿಭಾಗದಲ್ಲಿ ಕಲಿತರೆ ಎಂಸಿಎಚ್. ಪಿತ್ತಕೋಶದ ಮಾಮೂಲಿ ಕಲ್ಲಿಗೆ ಅನುಭವವಿರುವ ಎಂಎಸ್ ಸಾಕು. ಕಲ್ಲು ಪಿತ್ತನಾಳಕ್ಕೆ ಇಳಿದಿದ್ದರೆ, ಕಾಮಾಲೆ ಇದ್ದರೆ, ಜಠರ ಕರುಳಿನ ತಜ್ಞರ ತಂಡವಿರುವ ಕಡೆ ಹೋಗಿ.

ಎಫ್‌ಎಂಎಎಸ್, ಎಫ್‌ಐಎಜಿಇಎಸ್ ಸರ್ಜನ್‌ಗಳ ಸಂಘಗಳು ಕೆಲವು ದಿನಗಳ ಲ್ಯಾಪರೊಸ್ಕೋಪಿ (ಸಣ್ಣ ತೂತಿನ ಮೂಲಕ ಮಾಡುವ ಆಪರೇಷನ್) ತರಬೇತಿಯ ಮೇಲೆ ಕೊಡುವ ಫೆಲೋಶಿಪ್‌ಗಳು. ಆಸಕ್ತಿಯ ಗುರುತು ಹೌದು, ಆದರೆ ವರ್ಷಗಟ್ಟಲೆ ಕಲಿತ ಪದವಿಯ ತೂಕ ಅವಕ್ಕಿಲ್ಲ. ಎಫ್‌ಆರ್‌ಸಿಎಸ್ ಅಂದರೆ ಬ್ರಿಟನ್ ಅಥವಾ ಐರ್ಲೆಂಡಿನ ಕಾಲೇಜಿನ ಫೆಲೋ. ಅದರಲ್ಲಿ ಪರೀಕ್ಷೆ ಕಟ್ಟಿ ಪಾಸಾದದ್ದೂ ಇದೆ, ಗೌರವಾರ್ಥ ಕೊಟ್ಟದ್ದೂ ಇದೆ. ಅದರ ಜೊತೆ ಎಂಎಸ್ ಅಥವಾ ಡಿಎನ್‌ಬಿ ಕಾಣದಿದ್ದರೆ ತರಬೇತಿ ಎಲ್ಲಿ ಆಯಿತೆಂದು ಕೇಳಿ. ವೈದ್ಯಕೀಯ ಕೌನ್ಸಿಲ್‌ನಲ್ಲಿ ಯಾವ ಪದವಿ ನೋಂದಣಿಯಾಗಿದೆ ಎಂದೂ ನೋಡಿ.

ಅಕ್ಷರಕ್ಕಿಂತ ಉಪಯೋಗಕ್ಕೆ ಬರುವುದು ನೇರ ಪ್ರಶ್ನೆ. ತಿಂಗಳಿಗೆ ಎಷ್ಟು ಮಾಡುತ್ತೀರಿ? ಚಾಕು ಹಿಡಿಯುವವರು ನೀವೇನಾ? ಅರಿವಳಿಕೆ ಯಾರು ಕೊಡುತ್ತಾರೆ? ಒಳಗೆ ಅಂಟಿಕೊಂಡಿದ್ದರೆ ಏನು ಮಾಡುತ್ತೀರಿ? ಈ ಆಪರೇಷನ್ನಿನ ದೊಡ್ಡ ಅಪಾಯ ಮುಖ್ಯ ಪಿತ್ತನಾಳವನ್ನು ಪಿತ್ತಕೋಶದ ಸಣ್ಣ ನಾಳವೆಂದು ತಿಳಿದು ಕತ್ತರಿಸಿಬಿಡುವುದು. ಅದಕ್ಕೇ ಎಚ್ಚರದ ಸರ್ಜನ್ ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬಿಡಿಸಿ, ಸುತ್ತಲ ಕೊಬ್ಬು ತೆಗೆದು, ಪಿತ್ತಕೋಶಕ್ಕೆ ಹೋಗುವುದು ಒಂದು ನಾಳ, ಒಂದು ರಕ್ತನಾಳ ಎರಡೇ ಎಂದು ಕಣ್ಣಿಗೆ ಕಾಣುವ ತನಕ ಏನನ್ನೂ ಕತ್ತರಿಸುವುದಿಲ್ಲ. ಕಾಣದಿದ್ದರೆ ಹೊಟ್ಟೆ ತೆರೆದು ಮಾಡುತ್ತಾರೆ, ಇಲ್ಲವೇ ಅಷ್ಟಕ್ಕೇ ನಿಲ್ಲಿಸುತ್ತಾರೆ. ‘ಬೇಕಾದರೆ ಓಪನ್ ಮಾಡುತ್ತೇನೆ’ ಅನ್ನುವವರನ್ನು ಕೈಲಾಗದವರೆಂದು ತಿಳಿಯಬೇಡಿ.