ಅಲಾರಂ ರಿಸೀವರ್ ಬಗ್ಗೆ ಬರೆದ ಗಂಗಾವತಿಯ ಗೆಳೆಯರಿಗೆ

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಗಂಗಾವತಿಯ ಅಕ್ಕಿ ಗಿರಣಿಗಳು, ಅಂಗಡಿಗಳ ಅಲಾರಂಗಳನ್ನೆಲ್ಲ ಬಳ್ಳಾರಿಯ ಒಂದೇ ಕೋಣೆಯಲ್ಲಿ ಕೂತು ನೋಡುವಂಥ ರಿಸೀವರ್ ಕೂಡಿಸಿದ್ದನ್ನು ಬರೆದಿದ್ದೀರಿ. ಕನ್ನಡದಲ್ಲಿ ಇಂಥದ್ದು ಬರೆಯುವವರು ಕಡಿಮೆ. ಅರ್ಥಿಂಗ್, ಯುಪಿಎಸ್ ವಿವರ ಚೆನ್ನಾಗಿದೆ. ಆದರೆ ಟೆಸ್ಟಿಂಗ್ ಭಾಗ ಓದಿ ನನಗೆ ಸಿಟ್ಟು ಬಂತು. ಇಡೀ ಲೇಖನದಲ್ಲಿ ಅದಕ್ಕೆ ಮೂರೇ ಸಾಲು!

"ಅಳವಡಿಸಿದ ಬಳಿಕ ಅಗತ್ಯ ಪರೀಕ್ಷೆಗಳನ್ನು ಕೈಗೊಳ್ಳಲಾಯಿತು." ಯಾರು ಮಾಡಿದರು? ನೀವೇ ಅಲ್ವಾ? ಗಿರಣಿಯಲ್ಲಿ ಯಾರಿದ್ದರು, ರಿಸೀವರ್ ಮುಂದೆ ಯಾರಿದ್ದರು? ಅಲ್ಲಿ ಒಬ್ಬರು ಬಾಗಿಲು ತೆಗೆದು, ಇಲ್ಲಿಗೆ ಫೋನ್ ಮಾಡಿ "ಈಗ ತೆಗೆದೆ" ಅಂದಿರುತ್ತಾರೆ. ಅದನ್ನು ಬರೆಯಿರಿ.

"ಎಲ್ಲ ಸಿಗ್ನಲ್‌ಗಳೂ ಯಶಸ್ವಿಯಾಗಿ ಬಂದವು." ಯಾವ ಸಿಗ್ನಲ್? ಕಾಂಟ್ಯಾಕ್ಟ್ ಐಡಿ, ಅಂದರೆ ಅಲಾರಂ ಸುದ್ದಿಯನ್ನು ಅಂಕಿಗಳಲ್ಲಿ ಕಳಿಸುವ ಪದ್ಧತಿ, ಬಳಸಿದೆವು ಅಂತ ನೀವೇ ಮೊದಲು ಹೇಳಿದ್ದೀರಿ. ಹಾಗಾದರೆ ಬಾಗಿಲು ತೆಗೆದಾಗ 1130 ಬಂದಿರಬೇಕು, ಮುಚ್ಚಿದಾಗ 3130. 130 ಅಂದರೆ ಕಳ್ಳತನದ ಅಲಾರಂ. ಮುಂದೆ 1 ಇದ್ದರೆ ಈಗ ಶುರುವಾಗಿದೆ, 3 ಇದ್ದರೆ ಸರಿಹೋಗಿದೆ. ಹಳೆಯ ಅಂಗಡಿಗಳ ಪ್ಯಾನೆಲ್, ಅಂದರೆ ಸೆನ್ಸರ್‌ಗಳ ಸುದ್ದಿ ರಿಸೀವರ್‌ಗೆ ಕಳಿಸುವ ಪೆಟ್ಟಿಗೆ, ಫೋನ್ ಲೈನ್ ಮೇಲಿದೆ. ಅಲ್ಲಿ ರಿಸೀವರ್ ಕರೆ ಎತ್ತಿ ಮೊದಲು 1400 ಹರ್ಟ್ಸ್, ಆಮೇಲೆ 2300 ಹರ್ಟ್ಸ್ ಟೋನ್ ಕೊಡುತ್ತದೆ. ಅದನ್ನು ಕೇಳಿದ ಮೇಲೇ ಪ್ಯಾನೆಲ್ ಅಂಕಿಗಳನ್ನು ಕಳಿಸುತ್ತದೆ: ಗಿರಾಕಿಯ ನಾಲ್ಕಂಕಿ ನಂಬರ್, ಏನಾಯಿತು, ಯಾವ ಜೋನ್ (ಅಂದರೆ ಯಾವ ಬಾಗಿಲು ಅಥವಾ ಜಾಗ), ಕೊನೆಗೆ ತಾಳೆ ನೋಡಲು ಒಂದು ಅಂಕಿ. ತಾಳೆಯಾದರೆ ರಿಸೀವರ್ ಮತ್ತೆ 1400ರ ಟೋನ್ ಕೊಡುತ್ತದೆ. ಆ ಟೋನ್ ಕೇಳಿಸದಿದ್ದರೆ ಪ್ಯಾನೆಲ್ ಮತ್ತೆ ಕಳಿಸುತ್ತದೆ. ಇಷ್ಟೆಲ್ಲ ನಿಮ್ಮ ಕಣ್ಣೆದುರೇ ನಡೆದಿದೆ, ಓದುವವರಿಗೆ ಒಂದೂ ಕಾಣುವುದಿಲ್ಲ. ಜೋನ್ ನಂಬರ್ ತಾಳೆ ನೋಡಿದಿರಾ? ಗೋದಾಮಿನ ಬಾಗಿಲು ತೆಗೆದಾಗ ಆಫೀಸಿನ ಬಾಗಿಲು ಅಂತ ಬಂದರೆ ಕಾವಲುಗಾರ ತಪ್ಪು ಕಡೆ ಓಡುತ್ತಾನೆ.

"ಕರೆಂಟ್ ಅಥವಾ ಸಂಪರ್ಕ ಹೋದರೂ ವ್ಯವಸ್ಥೆ ಸಮರ್ಥವಾಗಿದೆ." ನನಗೆ ಜಾಸ್ತಿ ಸಿಟ್ಟು ಬಂದದ್ದು ಈ ಸಾಲಿಗೆ. ವೈರ್ ಕಿತ್ತು ನೋಡಿದಿರಾ? ಲೈನ್ ಸತ್ತುಹೋದರೂ ಪರದೆ ಖಾಲಿ, ಊರೆಲ್ಲ ಸುಖವಾಗಿ ಮಲಗಿದ್ದರೂ ಪರದೆ ಖಾಲಿ. ಅದಕ್ಕೇ ಪ್ಯಾನೆಲ್ ಆಗಾಗ "ನಾನಿದ್ದೇನೆ" ಅಂತ ಹೇಳುತ್ತಿರಬೇಕು, ಹೇಳದಿದ್ದರೆ ರಿಸೀವರ್ ಕೂಗಬೇಕು. ಗಿರಣಿಯ ಇಂಟರ್ನೆಟ್ ವೈರ್ ತೆಗೆದ ಮೇಲೆ ಎಷ್ಟು ನಿಮಿಷಕ್ಕೆ ಕೂಗಿತು? ಕರೆಂಟ್ ತೆಗೆದಾಗ 301 ಬಂತಾ? ಬ್ಯಾಟರಿ ಇಳಿದಾಗ 302? ರಿಸೀವರ್‌ನಿಂದ ಕಂಪ್ಯೂಟರ್‌ಗೆ ಹೋಗುವ ವೈರ್ ತೆಗೆದಾಗ ಸಿಗ್ನಲ್ ರಿಸೀವರ್ ಪರದೆಯಲ್ಲಾದರೂ ಕಾಣಿಸಿತಾ? ಸುಮ್ನೆ "ಸಮರ್ಥವಾಗಿದೆ" ಅಂದರೆ ನಾನು ಹೇಗೆ ನಂಬಲಿ?

ಪತ್ರಿಕೆಗೆ ಬರುವ ಮೊದಲು ನಾನು ರಾಯಚೂರಿನಲ್ಲಿ ಮೇಸ್ತ್ರಿಯೊಬ್ಬರ ಹತ್ತಿರ ಇದೇ ಕೆಲಸಕ್ಕಿದ್ದೆ. ಅವರು ಏಣಿ ಹತ್ತಿ ಸೆನ್ಸರ್ ಮುಟ್ಟುತ್ತಿದ್ದರು. ನಾನು ಕೆಳಗೆ ಪ್ರಿಂಟರ್ ಪಕ್ಕ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದೆ. "ಬಂತ್ರೀ" ಅಂದರೆ ಅವರಿಗೆ ಸಾಕಾಗುತ್ತಿರಲಿಲ್ಲ. "ಏನ್ ಬಂತು, ಓದಿ ಹೇಳೋ ತಮ್ಮಾ" ಅಂತ ಮೇಲಿಂದಲೇ ಕೂಗುತ್ತಿದ್ದರು. ಸಂಜೆ ಚಹಾ ಕುಡಿಯುವಾಗ ಆ ಪುಟ ಓದಿಸುತ್ತಿದ್ದರು. ಯಾವುದಾದರೂ ಬಾಗಿಲಿನ ಮುಂದೆ ಗಂಟೆ, ನಿಮಿಷ ಇಲ್ಲದಿದ್ದರೆ ಆ ಬಾಗಿಲನ್ನು ಮತ್ತೆ ತೆಗೆಯಲೇಬೇಕು. ರಾಯಚೂರಿನ ಬಿಸಿಲು, ತಗಡಿನ ಗೋದಾಮು, ಮೈಯೆಲ್ಲ ಬೆವರು. ಆಗ ಬೇಜಾರಾಗುತ್ತಿತ್ತು. ಆದರೆ ನಾನು ಬರೆಯಲು ಕಲಿತದ್ದು ಆ ನೋಟ್‌ಬುಕ್‌ನಲ್ಲೇ ಅಂತ ಈಗಲೂ ನಂಬಿದ್ದೇನೆ.

ನಿಮ್ಮ ಹತ್ತಿರವೂ ಅಂಥ ಪುಟ ಇದ್ದೇ ಇರುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಟೆಸ್ಟಿಂಗ್ ಭಾಗ ಹೊಸದಾಗಿ ಬರೆಯಿರಿ, ಎಷ್ಟು ಉದ್ದವಾದರೂ ಚಿಂತೆಯಿಲ್ಲ. ಗಿರಾಕಿಗಳ ನಂಬರ್ ಮಾತ್ರ ಹಾಕಬೇಡಿ. ಇಂಟರ್ನೆಟ್ ವೈರ್ ಕಿತ್ತು ನೋಡಿಲ್ಲವಾದರೆ ಲೇಖನ ಬದಿಗಿಟ್ಟು ಮೊದಲು ಆ ಕೆಲಸ ಮುಗಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಿಮಗಾಗಿ ಜಾಗ ಇಟ್ಟಿರುತ್ತೇನೆ.